ಹತ್ತು ಎಣಿಸುವಷ್ಟು ಹೊತ್ತು

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹನ್ನೊಂದು ಸಲ ಬಸ್ಸು ಹತ್ತಿ ಇಳಿದದ್ದು, ಅರ್ಧಕ್ಕೆ ಮುಗಿಸಿದ ಎರಡು ಹರಾಜು, ಆಸ್ಪತ್ರೆಯ ಬೆಂಚಿನ ಮೇಲೆ ಮರೆತುಬಂದ ಒಂದು ಕೊಡೆ, ಮೂರು ಸಲ ತಲೆ ತೊಳೆದರೂ ಬಿಡದ ಅಂಟು, ನಿನ್ನ ಅತ್ತಿಗೆಯಿಂದ ನಾನು ಅನ್ನಿಸಿಕೊಂಡ ಮಾತುಗಳು (ಇವು ಎಣಿಕೆಗೆ ಸಿಗುವುದಿಲ್ಲ), ಮತ್ತು ಒಂದು ಮಗುವಿನ ಎರಡು ವರ್ಷ. ನಮ್ಮ ಮೊಮ್ಮಗಳು ಬಟಾಣಿಯ ವಿಷಯಕ್ಕೆ ಇಲ್ಲಿಯವರೆಗೆ ತಗುಲಿದ್ದು ಇಷ್ಟು. ದುಡ್ಡನ್ನು ಸೇರಿಸಿಲ್ಲ, ಅದು ಹೋಗುತ್ತದೆ, ಬರುತ್ತದೆ. ಆ ಎರಡು ವರ್ಷ ಮಾತ್ರ ಎಷ್ಟು ಕೂಗಿದರೂ ವಾಪಸು ಬರುವಂಥದ್ದಲ್ಲ. ಅದನ್ನು ಕಳೆದವನು ನಾನೇ. ಹೇಗೆ ಅಂತ ಹೇಳುವುದಕ್ಕೇ ಈ ಕಾಗದ.

ನಿನ್ನದು ಬಂದು ನಾಲ್ಕು ತಿಂಗಳಾಯಿತು. ಎಂದಿನಂತೆ ಮೂರೇ ಸಾಲು: ನಾನು ಚೆನ್ನಾಗಿದ್ದೇನೆ, ಈ ಸಲ ಬೆತ್ತ ಒಳ್ಳೆಯದು ಬಂದಿದೆ, ಬಟಾಣಿ ಹೇಗಿದ್ದಾಳೆ. ಬಾಯಿ ಒಂದನ್ನೇ ಬಂಡವಾಳ ಮಾಡಿಕೊಂಡು ಮಳಿಗೆ ಕಟ್ಟಿದ ನಿನ್ನ ಅಣ್ಣನಿಗೆ ಆ ಮೂರನೆಯ ಸಾಲಿಗೆ ಉತ್ತರ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ತಪ್ಪು ತಿಳಿಯಬೇಡ.

ಮನೆಯ ಸುದ್ದಿ ಮೊದಲು ಮುಗಿಸುತ್ತೇನೆ. ನಿನ್ನ ಅತ್ತಿಗೆಯ ಮಂಡಿನೋವು ಮೆಟ್ಟಿಲು ಕಂಡರೆ ಹೆಚ್ಚು, ಜಗಳ ಕಂಡರೆ ಮಾಯ. ಮಗಳು ಮಳಿಗೆಯಲ್ಲಿ ಸಾಮಾನಿಗೆ ಚೀಟಿ ಬರೆದು ಅಂಟಿಸುತ್ತಾಳೆ, ಅಳಿಯ ವ್ಯಾನು ಓಡಿಸುತ್ತಾನೆ. ಹಳೆ ಕಪಾಟು, ಹಳೆ ಮೇಜು, ಗಡಿಯಾರ, ಯಾರೋ ತೀರಿಕೊಂಡ ಮನೆಯ ಮಂಚ, ಎಲ್ಲ ಮೊದಲಿನಂತೆ ಬರುತ್ತವೆ, ಶನಿವಾರ ಬೆಳಿಗ್ಗೆ ನಾನು ಕೂಗುತ್ತೇನೆ, ಮಧ್ಯಾಹ್ನಕ್ಕೆ ಹೋಗುತ್ತವೆ. ನೀನು ಕೊನೆಯ ಸಲ ಬಂದಾಗ ಬಟಾಣಿಗೆ ನಾಲ್ಕು ವರ್ಷ, ನಿನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನೀನು ಕುರ್ಚಿಗೆ ಬೆತ್ತ ಹೆಣೆಯುವುದನ್ನು ಇಡೀ ಮಧ್ಯಾಹ್ನ ನೋಡಿದ್ದಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. "ನೋಡ್ರೀ, ಎರಡು ಬೊಂಬೆ ಕೂತ ಹಾಗೆ" ಅಂತ ನಿನ್ನ ಅತ್ತಿಗೆ ನಕ್ಕಿದ್ದಳು. ಈಗ ಅವಳಿಗೆ ಎಂಟು. ಮೂರನೇ ತರಗತಿ.

ನಮ್ಮ ಮನೆಯ ಮಾತು ನಿನಗೆ ಗೊತ್ತು. ಊಟಕ್ಕೆ ಕೂತರೆ ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತೇವೆ, ಮೂರನೆಯವರು ಅದಕ್ಕೆ ಉತ್ತರವನ್ನೂ ಕೊಟ್ಟು ಕೈ ತೊಳೆಯಲು ಎದ್ದಿರುತ್ತಾರೆ. ಹರಾಜಿನ ಅಭ್ಯಾಸ. ಮಳಿಗೆಯಲ್ಲಿ ಮೂರು ಉಸಿರಿನಷ್ಟು ಹೊತ್ತು ಸುಮ್ಮನಾದರೆ ಗಿರಾಕಿ ಯೋಚಿಸಲು ಶುರು ಮಾಡುತ್ತಾನೆ, ಯೋಚಿಸಿದ ಗಿರಾಕಿ ಮನೆಗೆ ಹೋಗುತ್ತಾನೆ. ಅದಕ್ಕೇ ನಾವು ಸಂದು ಬಿಡುವವರಲ್ಲ. ಈ ಗದ್ದಲದ ನಡುವೆ ಒಂದು ಮಗು ಎಂಟು ವರ್ಷ ಒಂದು ಪೂರ್ತಿ ವಾಕ್ಯ ಆಡದೆ ಬೆಳೆಯಿತು ಅಂದರೆ ನೀನು ನಂಬುತ್ತೀಯಾ? ನಮಗೆ ಯಾರಿಗೂ ಗೊತ್ತೇ ಆಗಲಿಲ್ಲ. ಅವಳು ತಲೆ ಆಡಿಸುತ್ತಿದ್ದಳು, ನಗುತ್ತಿದ್ದಳು, ಉಳಿದದ್ದನ್ನು ನಾವು ತುಂಬಿಕೊಳ್ಳುತ್ತಿದ್ದೆವು.

ಅದರ ಮೇಲೆ ನಾನು ಒಂದು ಘನಂದಾರಿ ಕೆಲಸ ಮಾಡಿದೆ. ಅವಳಿಗೆ ಐದು ತುಂಬಿದಾಗ ನನ್ನ ಕೂಗನ್ನು ಬಾಯಿಪಾಠ ಮಾಡಿಸಿದೆ. "ನೋಡಿ ಸ್ವಾಮಿ ನೋಡಿ, ಗಟ್ಟಿ ಮರ, ಗಾಜಿನ ಬಾಗಿಲು, ಮೂರು ತಲೆಮಾರು ಕಂಡ ಕಪಾಟು, ಒಯ್ದವನೇ ಜಾಣ, ಬಿಟ್ಟವನೇ ಕೋಣ!" ಏರಿಳಿತ, ಕೈ ಬೀಸು, ಕೊನೆಯಲ್ಲಿ ಸುತ್ತಿಗೆ ಬಡಿಯುವುದು, ಒಂದೂ ತಪ್ಪುತ್ತಿರಲಿಲ್ಲ. ಶನಿವಾರ ಹರಾಜಿಗೆ ಮುಂಚೆ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದೆ. ಖಾಯಂ ಗಿರಾಕಿಗಳು "ಬಟಾಣಿ, ಬಟಾಣಿ" ಅಂತ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಒಂದನೇ ತರಗತಿಯಲ್ಲಿ ಟೀಚರು ಕರೆಸಿದರು. ಚಿಕ್ಕ ವಯಸ್ಸಿನ ಹುಡುಗಿ, ಮೆಲುದನಿ. "ಮಗುಗೆ ನಾನು ಹೇಳೋದು ಪೂರ್ತಿ ತಲುಪ್ತಾ ಇಲ್ಲ ಅನ್ಸುತ್ತೆ. ಪುಸ್ತಕ ತೆಗಿ, ಪೆನ್ಸಿಲ್ ಪಕ್ಕಕ್ಕಿಡು ಅಂದ್ರೆ ಪಕ್ಕದ ಮಕ್ಕಳನ್ನ ನೋಡಿ ಮಾಡ್ತಾಳೆ. ಮಾತೂ ತುಂಡು ತುಂಡು. ಒಂದ್ಸಲ ಯಾರಿಗಾದ್ರೂ ತೋರಿಸಿ."

"ಯಾರಿಗೆ? ನಮ್ಮ ಬಟಾಣಿಗಾ? ಮಾತು ಬರಲ್ವಾ?" ಅಂದವನೇ ಅವಳನ್ನು ಎತ್ತಿ ಟೀಚರ ಕುರ್ಚಿಯ ಮೇಲೇ ನಿಲ್ಲಿಸಿದೆ. "ಶುರು ಮಾಡು ಪುಟ್ಟಾ!" ಮಗು ಗಟ್ಟಿ ಮರದಿಂದ ಕೋಣದವರೆಗೆ ಒಂದೇ ಉಸಿರಿಗೆ ಹೇಳಿ ಮೇಜಿಗೆ ಡಸ್ಟರ್ ಬಡಿಯಿತು. ಪಕ್ಕದ ಕೋಣೆಯ ಟೀಚರುಗಳೂ ಬಂದು ನಕ್ಕು ಚಪ್ಪಾಳೆ ಹೊಡೆದರು. ಪಾಪ, ಆ ಹುಡುಗಿ ಕೆಂಪಾಗಿ, "ಹಾಗಾದ್ರೆ ನಾಚಿಕೆ ಇರಬೇಕು" ಅಂದಳು. ನಾನು ಗೆದ್ದು ಮನೆಗೆ ಬಂದೆ. ಎರಡು ವರ್ಷ ಕಳೆದದ್ದು ಅಲ್ಲಿ.

ಈ ವರ್ಷ ಶಾಲೆಯಿಂದ ಕಾಗದವೇ ಬಂತು. ಬಟಾಣಿ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಅಂಕಿ ಕೊಟ್ಟರೆ ಕೂಡುತ್ತಾಳೆ, ಕಳೆಯುತ್ತಾಳೆ, ಅದೇ ಲೆಕ್ಕವನ್ನು ಮಾತಿನಲ್ಲಿ ಹೇಳಿದರೆ ಹಾಳೆ ಖಾಲಿ. ಮಾರ್ಚಿನೊಳಗೆ ಸುಧಾರಿಸದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಅಂತ ಮುಖ್ಯೋಪಾಧ್ಯಾಯಿನಿ ಬರೆದಿದ್ದರು. ಅವಳಿಗಿರುವುದು ಒಬ್ಬಳೇ ಗೆಳತಿ, ಅದೇ ತರಗತಿಯಲ್ಲಿ. ಮಗಳು ಕಾಗದ ಓದಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಳಿಯ, "ಇನ್ನೂ ಜಾಸ್ತಿ ಮಾತಾಡಿಸೋಣ" ಅಂದ. ನಾವು ಇನ್ನೂ ಜಾಸ್ತಿ ಮಾತಾಡಿಸಿದೆವು. ಬೆಂಕಿಗೆ ಎಣ್ಣೆ ಹೊಯ್ದದ್ದು ಅಂತ ಆಗ ಯಾರಿಗೆ ಗೊತ್ತು?

ಒಂದು ಶನಿವಾರ ಮಕ್ಕಳ ಮೇಜು ಕುರ್ಚಿ ಹುಡುಕಿಕೊಂಡು ಒಬ್ಬ ಹೆಂಗಸು ಬಂದರು. ದಪ್ಪ ಕನ್ನಡಕ, ಚಪ್ಪಲಿ ಸವೆದದ್ದು, ಚೌಕಾಸಿಯಲ್ಲಿ ನನ್ನನ್ನೇ ಮೀರಿಸುವವರು. ಬಟಾಣಿಯ ಕೂಗು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವರೊಬ್ಬರು ತಟ್ಟಲಿಲ್ಲ. ಆಮೇಲೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಪುಟ್ಟಿ, ಮೊದಲು ಗಡಿಯಾರ ಮುಟ್ಟು, ಆಮೇಲೆ ಕುರ್ಚಿ ಮುಟ್ಟು" ಅಂದರು. ಬಟಾಣಿ ಹೋಗಿ ಗಡಿಯಾರ ಮುಟ್ಟಿದಳು, ಕುರ್ಚಿ ಮುಟ್ಟಿದಳು. ನಾನು ಹುಬ್ಬು ಹಾರಿಸಿದೆ.

"ಯಜಮಾನ್ರೇ, ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ತೀರಾ?" ಅಂದರು.

"ಯಾಕಮ್ಮಾ, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ?"

"ಮುಖ ಚೆನ್ನಾಗಿದೆ. ಅದೇ ಎಲ್ಲಾ ಹೇಳಿಕೊಡ್ತಾ ಇದೆ."

ತಿರುಗಿ ನಿಂತೆ. ಈ ಸಲ ಮೊದಲು ಪೆಟ್ಟಿಗೆ, ಆಮೇಲೆ ಮೇಜು ಅಂದರು. ಹಿಂದೆ ಹೆಜ್ಜೆ ಸದ್ದೇ ಇಲ್ಲ. ತಡೆಯಲಾರದೆ ತಿರುಗಿದರೆ ಬಟಾಣಿ ಇದ್ದಲ್ಲೇ ನಿಂತು ನನ್ನ ಬೆನ್ನನ್ನು ನೋಡುತ್ತಿದ್ದಳು. ತಮ್ಮಾ, ಹರಾಜಿನಲ್ಲಿ ಗಿರಾಕಿ ಕಣ್ಣು ಮಿಟುಕಿಸಿದರೆ ಬೆಲೆ ಏರಿತು ಅಂತ ತಿಳಿಯುವ ಜನ ನಾವು. ಮಗು ಅದನ್ನು ನಮಗಿಂತ ಚೆನ್ನಾಗಿ ಕಲಿತಿತ್ತು. ಗಡಿಯಾರ ಅಂದಾಗ ನನ್ನ ಕಣ್ಣು ಗಡಿಯಾರದ ಕಡೆ ಹೋಗುತ್ತಿತ್ತು, ಅವಳು ಕಣ್ಣಿನ ಹಿಂದೆ ಹೋಗುತ್ತಿದ್ದಳು.

ಆಕೆ ಮಕ್ಕಳ ಮಾತಿನ ತೊಂದರೆ ನೋಡುವವರು. ನಾವು ಅವರನ್ನು ಮಾತಿನ ಡಾಕ್ಟರಮ್ಮ ಅನ್ನುತ್ತೇವೆ. ಮೊದಲ ನಾಲ್ಕು ದಿನ ಆಸ್ಪತ್ರೆಯಲ್ಲಿ ಚಿತ್ರ ತೋರಿಸಿದರು, ಕಥೆ ಹೇಳಿದರು, ಆಟ ಆಡಿಸಿದರು, ಕಿವಿ ಪರೀಕ್ಷೆ ಮಾಡಿಸಿದರು, ಪ್ರತಿಯೊಂದನ್ನೂ ಬರೆದುಕೊಂಡರು. ಮಾತಿನ ತೊಂದರೆ ಇದೆ ಅನ್ನುವುದು ಅಲ್ಲಿಗೇ ಖಾತ್ರಿಯಾಯಿತು. ಆಮೇಲೆ, "ನಮ್ಮದೊಂದು ಅಧ್ಯಯನ ನಡೀತಾ ಇದೆ, ಮಿದುಳು ಮಾತನ್ನ ಹೇಗೆ ಹಿಡಿಯುತ್ತೆ ಅಂತ. ನಿಮಗೂ ಅವಳಿಗೂ ಒಪ್ಪಿಗೆ ಇದ್ರೆ ಅವಳನ್ನೂ ಸೇರಿಸ್ಕೊಳ್ತೀವಿ, ನೋವೇನೂ ಆಗಲ್ಲ" ಅಂದರು.

ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆ. ನಾನು ಕೆಮ್ಮಿದರೆ ನನಗೇ ಕೇಳದು, ನನ್ನಂಥವನಿಗೆ ಅದೊಂದು ಜೈಲು. ಮಗುವಿನ ತಲೆಗೆ ಬಲೆಯಂಥ ಟೋಪಿ ಹಾಕಿ, ಒಂದೊಂದು ತೂತಿಗೂ ಅಂಟು ತುಂಬಿ ತಂತಿ ಸೇರಿಸಿದರು. ಮುಂದೆ ಸದ್ದಿಲ್ಲದ ಕಾರ್ಟೂನು. ಕಿವಿಗೆ ಮಾತ್ರ ಬ, ಬ, ಬ, ದ, ಬ, ಬ ಅಂತ ಸದ್ದು. ಅವಳು ಏನೂ ಮಾಡಬೇಕಾಗಿಲ್ಲ, ಬಾಯಿ ಬಿಡಬೇಕಾಗಿಲ್ಲ, ಮಿದುಳೇ ಗೆರೆ ಎಳೆದು ತೋರಿಸುತ್ತದಂತೆ. ಹೊರಗಿನ ಪರದೆಯಲ್ಲಿ ನಾನೂ ಮಗಳೂ ನೋಡಿದೆವು. ಬೇರೆ ಮಕ್ಕಳ ಗೆರೆಯಲ್ಲಿ "ದ" ಬಂದ ತಕ್ಷಣ ಒಂದು ಸಣ್ಣ ಗುಡ್ಡ ಏಳುತ್ತದೆ, ಹೊಸದೇನೋ ಬಂತು ಅಂತ. ಬಟಾಣಿಯ ಗೆರೆಯಲ್ಲಿ, ಸದ್ದು ಬೇಗ ಬೇಗ ಬರುವಾಗ, ಗುಡ್ಡವೇ ಇಲ್ಲ. ಇದ್ದರೂ ತಡವಾಗಿ, ಇರುವೆಗೂಡಿನಷ್ಟು. ಸದ್ದುಗಳ ನಡುವೆ ಬಿಡುವು ಕೊಟ್ಟರು ನೋಡು, ಗುಡ್ಡ ಎದ್ದಿತು! ಮಗಳು ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಳು.

"ಕಿವಿ ಸರಿಯಾಗಿದೆ, ಬುದ್ಧಿಯೂ ಚುರುಕಾಗಿದೆ" ಅಂದರು ಡಾಕ್ಟರಮ್ಮ. "ಮಾತು ಒಳಗೆ ಹೋದ ಮೇಲೆ ಅದನ್ನ ಬಿಡಿಸಿ ಜೋಡಿಸೋ ಕೆಲಸ ಇವಳಿಗೆ ನಿಧಾನ. ಅಷ್ಟರಲ್ಲಿ ಮುಂದಿನ ಮಾತು ಬಂದುಬಿಡುತ್ತೆ. ಎಲ್ಲಾ ಮಕ್ಕಳಲ್ಲೂ ಹೀಗೇ ಅಂತಲ್ಲ. ಒಬ್ಬೊಬ್ಬರದು ಒಂದೊಂದು ಥರ, ನಾವೂ ಇನ್ನೂ ಕಲೀತಾ ಇದ್ದೀವಿ."

ಅದನ್ನು ನಾನು ನನ್ನ ಭಾಷೆಗೆ ಹಾಕಿಕೊಂಡೆ. ನಮ್ಮ ಮಳಿಗೆಗೆ ಮಾಲು ಇಳಿಸುವ ಬಾಗಿಲು ಒಂದೇ. ಮೊದಲ ವ್ಯಾನಿನ ಮಂಚ ಇಳಿಸಿ, ಕಾಲು ಬಿಚ್ಚಿ, ಒಳಗೆ ಸೇರಿಸುವುದರೊಳಗೆ ಎರಡನೆಯದು ಬಂದು ಹಾರ್ನು ಹೊಡೆದರೆ ಆ ಮಾಲು ಬೀದಿಯಲ್ಲೇ ಉಳಿಯುತ್ತದೆ. ಮಳಿಗೆಯಲ್ಲಿ ಜಾಗ ಬೇಕಾದಷ್ಟಿದೆ. ನಾವು ವ್ಯಾನಿನ ಹಿಂದೆ ವ್ಯಾನು ಕಳಿಸಿ ಬೀದಿ ತುಂಬಿಸುತ್ತಿದ್ದೆವು.

"ನಾವು ಜಾಸ್ತಿ ಮಾತಾಡಿದ್ದಕ್ಕೇ ಹೀಗಾಯ್ತಾ?" ಅಂತ ಮಗಳು ಕೇಳಿದಳು.

"ಇಲ್ಲಮ್ಮ, ಇದು ಯಾರ ತಪ್ಪಿನಿಂದಲೂ ಬರೋದಲ್ಲ. ಹುಟ್ಟಿನಿಂದ ಇರುತ್ತೆ. ಗುಣವಾಗಿ ಮಾಯವಾಗುತ್ತೆ ಅಂತಲೂ ಹೇಳಲ್ಲ. ಆದ್ರೆ ಜಾಗ ಕೊಟ್ರೆ ಮಾತು ಬೆಳೆಯುತ್ತೆ." ಆಮೇಲೆ ನನ್ನ ಕಡೆ ತಿರುಗಿದರು. "ಚಿಕ್ಕ ಚಿಕ್ಕ ವಾಕ್ಯ ಹೇಳಿ. ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ಅಲ್ಲಿವರೆಗೆ ಬಾಯಿ ತೆಗೀಬೇಡಿ. ಕಣ್ಣಲ್ಲೂ ಹೇಳಿಕೊಡಬೇಡಿ. ಅವಳ ಮಾತನ್ನ ಅವಳೇ ಮುಗಿಸಲಿ."

"ಹತ್ತಾ? ಐದಕ್ಕೆ ಬಿಟ್ಟುಕೊಡಿ" ಅಂದೆ, ಬಾಯಿಗೆ ಬಂದದ್ದು.

"ಹತ್ತು. ಒಂದೇ ಬೆಲೆ" ಅಂದರು.

ಆಮೇಲೆ ಮನೆ ಹೇಗಿತ್ತು ಅಂತ ನೀನು ನೋಡಬೇಕಿತ್ತು. ಊಟದ ಮೇಜಿನ ಸುತ್ತ ನಾಲ್ಕು ಜನ ದೊಡ್ಡವರು, ಬಾಯಿ ಬಿಗಿದುಕೊಂಡು, ತುಟಿ ಆಡಿಸಿ ಎಣಿಸುವುದು. ನನಗೆ ಏಳಕ್ಕೇ ಗಂಟಲು ಕೆರೆಯುತ್ತಿತ್ತು. ಒಮ್ಮೆ ತಡೆಯಲಾರದೆ ಹಿತ್ತಲಿಗೆ ಓಡಿ ತೊಟ್ಟಿಯ ಹತ್ತಿರ ನಿಂತು ಒಬ್ಬನೇ ಮಾತಾಡಿ ಬಂದೆ. "ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಈ ಮನೇಲಿ ಗಡಿಯಾರದ ಸದ್ದು ಕೇಳಿಸ್ತು" ಅಂದಳು ನಿನ್ನ ಅತ್ತಿಗೆ. "ಆ ಡಾಕ್ಟರಮ್ಮ ಮೊದಲೇ ಸಿಕ್ಕಿದ್ರೆ ನಾನೂ ಒಂದೆರಡು ಮಾತಾಡಿರ್ತಿದ್ದೆ." ಅವಳು ಆಡದ ಮಾತು ಯಾವುದಿತ್ತೋ, ದೇವರಿಗೇ ಗೊತ್ತು.

ಒಂದು ವಾರ ಬಟಾಣಿ ನಮ್ಮನ್ನು ಹುಚ್ಚರನ್ನು ನೋಡುವ ಹಾಗೆ ನೋಡಿದಳು. ಎರಡನೆಯ ವಾರ "ನೀರು ಬೇಕು" ಅಂದಳು, ಲೋಟ ತೋರಿಸಲಿಲ್ಲ. ಐದನೆಯ ವಾರ ಅವಳ ಅಪ್ಪನ ಹತ್ತಿರ ಶಾಲೆಯ ನಾಯಿ ಮರಿ ಹಾಕಿದ್ದನ್ನು ಹೇಳಿದಳು. ನಾಯಿ, ಮರಿ, ಕಪ್ಪು ಎರಡು, ಒಂದು ಕಣ್ಣು ಬಿಟ್ಟಿಲ್ಲ. ಅಳಿಯ ವ್ಯಾನಿನ ಎಂಜಿನ್ ಆರಿಸಿ ಪೂರ್ತಿ ಕೇಳಿದನಂತೆ. ನನ್ನ ಹತ್ತಿರ ಮಾತ್ರ ಬರುತ್ತಿರಲಿಲ್ಲ. ಎಲ್ಲರ ಹತ್ತಿರ ಒಂದೊಂದು ಮಾತು, ನನ್ನ ಹತ್ತಿರ ಅದೇ ನಗು, ಅದೇ ತಲೆ ಆಡಿಸುವುದು. ನಾನು ಎಣಿಸಿದೆ, ಕಾದೆ, ದಿನಾ ಕಾದೆ. ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇಕೆ?

ಮೊನ್ನೆ ಫೆಬ್ರವರಿಯ ಕೊನೆಯ ಶನಿವಾರ. ಮಳಿಗೆ ತುಂಬಿತ್ತು, ಒಳ್ಳೆಯ ಮಾಲಿತ್ತು. ಅಷ್ಟು ದಿನ ಬಟಾಣಿಗೆ ಶೀತ, ಪರೀಕ್ಷೆ ಅಂತ ನೆಪ ಹೇಳಿದ್ದೆ. ಅವತ್ತು ಅವಳು ಅಮ್ಮನ ಜೊತೆ ಚೀಟಿ ಅಂಟಿಸುತ್ತಿದ್ದುದನ್ನು ನೋಡಿ ಗಿರಾಕಿಗಳು, "ಬಟಾಣಿ, ಬಟಾಣಿ" ಅಂತ ಶುರು ಮಾಡಿದರು. ಅಭ್ಯಾಸಬಲ ನೋಡು, ನಾನೂ ಸ್ಟೂಲು ಎಳೆದೆ. ಅವಳು ನನ್ನ ಹತ್ತಿರ ಬಂದು ನಿಂತಳು. ಹತ್ತಲಿಲ್ಲ. ಬಾಯಿ ಸ್ವಲ್ಪ ತೆರೆಯಿತು. "ಇವತ್ತು ನಾಚಿಕೆ ಅಂತೆ ಸ್ವಾಮಿ" ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಸುತ್ತಿಗೆ ಕೆಳಗಿಟ್ಟು, ಕಣ್ಣನ್ನು ನೆಲಕ್ಕೆ ಹಾಕಿ, ಎಣಿಸಿದೆ.

ನಾಲ್ಕು. ಐದು. "ಯಜಮಾನ್ರಿಗೆ ನಿದ್ದೆ ಬಂತಾ?" ಅಂದ ಹಿಂದಿನಿಂದ ಗುಜರಿಯವನು. ಯಾರೋ ನಕ್ಕರು. ಎಂಟು. ಒಂಬತ್ತು. ಹತ್ತಾಯಿತು. ನಾನು ಮತ್ತೆ ಒಂದರಿಂದ ಶುರು ಮಾಡಿದೆ. ಅರವತ್ತು ಜನ ತುಂಬಿದ ನನ್ನ ಮಳಿಗೆಯಲ್ಲಿ ಮೇಲಿನ ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸಿತು.

"ತಾತ" ಅಂದಳು. "ನಾನು... ಹೇಳಲ್ಲ." ಬಿಡುವು. "ಅದು ಏನು... ನಾನು ಗೊತ್ತಿಲ್ಲ. ಎಲ್ಲಾರೂ ನಗು... ನಗ್ತಾರೆ." ಇನ್ನೂ ಉದ್ದದ ಬಿಡುವು. "ನಾನು ಇಷ್ಟ ಇಲ್ಲ."

ತಮ್ಮಾ, ಮೂರು ವರ್ಷ, ಹೆಚ್ಚುಕಡಿಮೆ ಪ್ರತಿ ಶನಿವಾರ, ಆ ಮಗು ಅರ್ಥ ಗೊತ್ತಿಲ್ಲದ ಮಾತು ಹೇಳಿ, ಜನ ಯಾಕೆ ನಗುತ್ತಾರೆ ಅಂತ ತಿಳಿಯದೆ, ನಾನು ನಕ್ಕೆ ಅಂತ ತಾನೂ ನಕ್ಕಿತ್ತು. ನನ್ನ ಹತ್ತಿರ ಅವಳು ಮೊದಲ ಸಲ ಪೂರ್ತಿ ಆಡಿದ ಮಾತು ಇದು. ಖುಷಿ ಪಡಲೋ ಅಳಲೋ ತಿಳಿಯಲಿಲ್ಲ. "ಸರಿ ಪುಟ್ಟಾ. ಹೇಳಬೇಡ" ಅಂದೆ, ಚಿಕ್ಕ ವಾಕ್ಯ. ಸ್ಟೂಲನ್ನು ಎತ್ತಿ ಗೋಡೆಯ ಪಕ್ಕ ಇಟ್ಟೆ. ಅವಳು ಹೋಗಿ ಮತ್ತೆ ಚೀಟಿ ಅಂಟಿಸಲು ಕೂತಳು. ಅವತ್ತು ನನ್ನ ದನಿ ಅರ್ಧಕ್ಕೇ ಕೈಕೊಟ್ಟಿತು, ಹರಾಜು ಅಲ್ಲಿಗೇ ಮುಗಿಸಿದೆ.

ಹೋದ ಗುರುವಾರ ಶಾಲೆಯಲ್ಲಿ ಮಾತುಕತೆ ಇತ್ತು. ನಾನೂ ಮಗಳೂ ಹೋದೆವು, ಡಾಕ್ಟರಮ್ಮ ಬಂದಿದ್ದರು, ಒಂದನೇ ತರಗತಿಯ ಆ ಟೀಚರನ್ನೂ ನಾನೇ ಹೇಳಿ ಕರೆಸಿದೆ. ಎಲ್ಲರ ಮುಂದೆ, "ಅಮ್ಮಾ, ಎರಡು ವರ್ಷದ ಹಿಂದೆ ನೀವು ಹೇಳಿದ್ದು ಸರಿ. ನಾನು ಗಲಾಟೆ ಮಾಡಿ ನಿಮ್ಮ ಬಾಯಿ ಮುಚ್ಚಿಸಿದೆ, ತಪ್ಪಾಯ್ತು" ಅಂದೆ. ಮುಖ್ಯೋಪಾಧ್ಯಾಯಿನಿ ಬಟಾಣಿಯನ್ನು ಕರೆದು, "ನಿನಗೆ ಈ ಶಾಲೆ ಬೇಕಾ?" ಅಂತ ಕೇಳಿದರು. ಐದೂ ಜನ ದೊಡ್ಡವರು ಕಾದೆವು. ಅವಳು ಗೆಳತಿಯ ಹೆಸರು ಹೇಳಿ, "ಅವಳ ಪಕ್ಕ" ಅಂದಳು. ಅದೇ ತರಗತಿಯ ಮಕ್ಕಳ ಜೊತೆ ನಾಲ್ಕನೆಯದಕ್ಕೆ ಹೋಗುತ್ತಾಳೆ. ಮುಂದಿನ ಬೆಂಚು, ಹೇಳಿದ್ದು ಬೋರ್ಡಿನ ಮೇಲೂ ಬರೆಯಬೇಕು, ವಾರಕ್ಕೆ ಎರಡು ದಿನ ಡಾಕ್ಟರಮ್ಮ. ಒಂದು ವರ್ಷ ನೋಡೋಣ ಅಂದಿದ್ದಾರೆ. ನನಗೆ ಅಷ್ಟು ಸಾಕು.

ನಿನ್ನ ಕೈಗೆ ಶಕ್ತಿ ಇರಲಿ, ಕಣ್ಣು ಚೆನ್ನಾಗಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ದೊಡ್ಡವನು ಅಂತ ತಲೆ ಮೇಲೆ ಕೈಯಿಟ್ಟು ಹರಸುತ್ತೇನೆ, ದೂರದಿಂದಲೇ.

ನಿನ್ನ
ಅಣ್ಣ

ಮರೆತದ್ದು: ಮರೆತದ್ದು ಅಂತ ಬರೆದೆ, ಸುಳ್ಳು. ಬರೆಯಲು ಧೈರ್ಯ ಬಂದಿರಲಿಲ್ಲ.

ಮೊದಲ ದಿನವೇ ಡಾಕ್ಟರಮ್ಮ ಕೇಳಿದ್ದರು, "ಇದು ಕೆಲವು ಮನೆತನದಲ್ಲಿ ಬರುತ್ತೆ. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?" ನಾನು ಒಂದನ್ನೂ ಎಣಿಸದೆ "ಇಲ್ಲ, ನಮ್ಮದು ಮಾತಿನ ಮನೆ" ಅಂದೆ. ಮನೆಗೆ ಬರುವ ಬಸ್ಸಿನಲ್ಲಿ ನಿನ್ನ ಮುಖ ಕಣ್ಣ ಮುಂದೆ ಬಂತು. ನಿನ್ನನ್ನು ಮೊದಲು "ಮೊದ್ದು" ಅಂತ ಕರೆದವನು ನಾನು. ಆಮೇಲೆ ಬೀದಿಯೆಲ್ಲ ಕರೆಯಿತು.

ಅಪ್ಪ ತೀರಿಕೊಂಡ ವರ್ಷ ನಿನ್ನ ಮೇಷ್ಟ್ರು ಬಾಗಿಲಿಗೆ ಬಂದು, "ಏನಪ್ಪಾ, ನಿನಗೆ ಓದು ಮುಂದುವರಿಸೋ ಆಸೆ ಇದೆಯಾ?" ಅಂತ ನಿನ್ನನ್ನು ಕೇಳಿದರು. ನಿನಗೆ ಹನ್ನೊಂದು, ನನಗೆ ಹತ್ತೊಂಬತ್ತು. ನೀನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. "ಅವನಿಗೆ ಇಷ್ಟ ಇಲ್ಲ ಸಾರ್" ಅಂದೆ ನಾನು. ಅವರು ಹೋದರು. ಮಾರನೆಯ ದಿನ ನೀನು ನನ್ನ ಹಳೆ ಸಾಮಾನಿನ ಗಾಡಿ ತಳ್ಳಿದೆ. ನೀನು ಸುಮ್ಮನೆ ನಿಂತಿದ್ದೆ ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ನೀನು ಸುಮ್ಮನೆ ನಿಂತಿರಲಿಲ್ಲ. ನಿನ್ನ ಬಾಯಿ ತೆರೆದಿತ್ತು. ನಾನು ನೋಡಿದ್ದೆ. ನೋಡಿದ್ದಕ್ಕೇ ಅವಸರದಲ್ಲಿ ಮಾತಾಡಿದೆ.

ಹೋದ ವಾರ ಡಾಕ್ಟರಮ್ಮನಿಗೆ ನಿಜ ಹೇಳಿದೆ. ನೀನು ಅವತ್ತು ಏನು ಹೇಳಲು ಹೊರಟಿದ್ದೆ ಅಂತ ನಾನು ಊಹಿಸಿ ಬರೆಯುವುದಿಲ್ಲ. ಮನಸ್ಸಾದರೆ ಬರೆ, ಇಲ್ಲ ಬಾ. ಎಷ್ಟು ದಿನವಾದರೂ ಆಗಲಿ, ನಡುವೆ ನಾನು ಬಾಯಿ ಹಾಕುವುದಿಲ್ಲ.

ಇನ್ನು ಯಾರಿಗೆ ಏನು ಸಿಕ್ಕಿತು ಅನ್ನುವುದಷ್ಟು ಬಾಕಿ. ಬಟಾಣಿಗೆ ಗೆಳತಿಯ ಪಕ್ಕದ ಜಾಗ ಸಿಕ್ಕಿತು. ಅವಳ ಅಮ್ಮನಿಗೆ ನಿದ್ದೆ. ಅಳಿಯನಿಗೆ ನಾಯಿಮರಿಯ ಕಥೆ. ಆ ಟೀಚರಿಗೆ ಎರಡು ವರ್ಷ ತಡವಾಗಿ ಒಂದು ಕ್ಷಮಾಪಣೆ. ನನಗೆ ಈ ಸಲ ಮೊಮ್ಮಗಳು ಸಿಕ್ಕಳು, ಆ ಸಲ ಗಾಡಿಗೆ ಎರಡು ಕೈ, ಆ ಕೈಗಳಿಂದ ಈ ಮಳಿಗೆ. ನಿನಗೆ ಆ ಸಲವೂ ಏನೂ ಸಿಗಲಿಲ್ಲ, ಈ ಸಲವೂ ಈ ಕಾಗದ ಬಿಟ್ಟರೆ ಇಲ್ಲಿಯವರೆಗೆ ಏನೂ ಇಲ್ಲ.